ನಾಯಿಗಳಿಗೊಬ್ಬ ಹವಾಲ್ದಾರ

ನಾನು ಗಂಭೀರ ಮನುಷ್ಯ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಆದರೆ ನಾಗರಬಾವಿಯಲ್ಲಿ ನಾಯಿ ನೋಡಿಕೊಳ್ಳುವ ಅಂಗಡಿ ತೆರೆದಾಗಿನಿಂದ ನಗೆಪಾಟಲಿನ ಪ್ರಸಂಗಗಳೆಲ್ಲ ವಿಳಾಸ ಕೇಳಿಕೊಂಡು ನನ್ನ ಬಾಗಿಲಿಗೇ ಬರುತ್ತಿವೆ.

ಅಂಗಡಿ ಯಾಕೆ ಅಂದರೆ, ಹೆಂಡತಿ ತೀರಿಕೊಂಡಳು. ಇದ್ದಾಗಲೂ ಅವಳು ನನ್ನ ಮಾತು ಕೇಳುತ್ತಿರಲಿಲ್ಲ, ಆದರೆ ಎದುರುತ್ತರವಾದರೂ ಕೊಡುತ್ತಿದ್ದಳು. ಅವಳಿಲ್ಲದ ಮನೆಯಲ್ಲಿ ಗೋಡೆ ನೋಡುತ್ತ ಕೂತು ಕೂತು ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಿತ್ತು. ಆ ಜಾಗ ನನಗೆ ಉಳಿಯುವುದು ಬಿಡುವುದು ಮಾತ್ರ ಮಹಡಿ ಮೇಲಿನ ಓನರಮ್ಮನ ಕೈಲಿತ್ತು.

೧. ಕರಾರು

ಬಾಡಿಗೆ ಮಾತಾಡಲು ಹೋದಾಗ ಓನರಮ್ಮ ಖಡಾಖಂಡಿತವಾಗಿ ಹೇಳಿದರು: "ಮಿಲಿಟ್ರಿಯೋರು ಅಂತ ಕೊಡ್ತಾ ಇದೀನಿ. ನಾಯಿ ಗಲಾಟೆ ಕೇಳಿಸ್ತೋ, ಅವತ್ತೇ ಖಾಲಿ ಮಾಡ್ಬೇಕು."

"ನಾಯಿ ಅಂದ್ಮೇಲೆ ಒಂದೆರಡು ಸಲ ಬೊಗಳುತ್ತಲ್ಲಮ್ಮ."

"ಬೊಗಳ್ಲಿ. ನಾನು ಧಾರಾವಾಹಿ ನೋಡೋ ಹೊತ್ತಲ್ಲಿ ಬೇಡ ಅಷ್ಟೇ. ಟೈಮು ಹೇಳ್ತೀನಿ, ನಾಯಿಗಳಿಗೆ ತಿಳಿಸಿಬಿಡಿ."

೨. ಮಂಗಳವಾರದ ಕ್ಷೌರ

ಮಂಗಳವಾರ ಗಿರಾಕಿ ಕಡಿಮೆ. ಅದಕ್ಕೇ 'ಮಂಗಳವಾರ ನಾಯಿ ಕ್ಷೌರಕ್ಕೆ ಅರ್ಧ ಬೆಲೆ' ಅಂತ ಬೋರ್ಡು ಹಾಕಿದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಪೊಮೇರಿಯನ್ ಸಾಕಿದ ಮಲ್ಲತ್ತಹಳ್ಳಿಯ ಹೆಂಗಸೊಬ್ಬರಿಗೆ ಫೋನ್ ಮಾಡಿ ಕೇಳಿದೆ.

"ಅಲ್ಲ ಸಾರ್, ನಮ್ಮನೇಲಿ ಮಂಗಳವಾರ ಯಾರೂ ಕೂದ್ಲು ತೆಗೆಸಲ್ಲ. ಇದೂ ಮನೆ ಮಗನೇ ತಾನೇ? ನಾಳೆ ಕರ್ಕೊಂಡ್ ಬರ್ತೀನಿ."

ಹೇಳಿದಂತೆ ಬುಧವಾರ ಬಂದರು. ಕ್ಷೌರ ಮುಗಿದ ಮೇಲೆ ನಗುತ್ತ ಕೇಳಿದರು: "ಶಾಸ್ತ್ರಕ್ಕೆ ಬುಧವಾರ ಬಂದ್ವಿ ಸಾರ್. ರೇಟು ಮಂಗಳವಾರದ್ದೇ ಅಲ್ವಾ?"

೩. ಊಟದ ಹುಕುಂ

ನಮ್ಮ ಪಲ್ಟನ್ನಿನಲ್ಲಿ ಹುಕುಂ ಆಗದೆ ತಟ್ಟೆಗೆ ಕೈ ಹಾಕುವಂತಿರಲಿಲ್ಲ. ನನ್ನಲ್ಲಿ ತಂಗುವ ನಾಯಿಗಳಿಗೂ ಅದೇ ಪಾಠ. ನಾನು "ಖಾನಾ ಶುರು!" ಅಂದರೆ ಮಾತ್ರ ತಟ್ಟೆಗೆ ಬಾಯಿ. ಬಸವೇಶ್ವರನಗರದ ದಂಪತಿ ಮದುವೆಗೆ ಹೋಗುವಾಗ ಬಿಟ್ಟುಹೋಗಿದ್ದ ಲ್ಯಾಬ್ರಡಾರ್ ಇದನ್ನು ಬೇಗ ಕಲಿತುಬಿಟ್ಟಿತು. ಕಲಿಸಿದ್ದನ್ನು ಆ ದಂಪತಿಗೆ ಹೇಳುವುದನ್ನು ನಾನೇ ಮರೆತೆ.

ಮನೆಗೆ ಹೋದ ನಾಯಿ ಊಟ ಮುಟ್ಟಲಿಲ್ಲ. ತಟ್ಟೆ ಮುಂದೆ ಜೊಲ್ಲು ಸುರಿಸುತ್ತ ನೆಟ್ಟಗೆ ಕೂತೇ ಇದೆಯಂತೆ. ಮೊಸರನ್ನ ಆಯಿತು, ಚಿಕನ್ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ನಾಯಿಯನ್ನೂ ತಟ್ಟೆಯನ್ನೂ ಎತ್ತಿಕೊಂಡು ಗಂಡಹೆಂಡಿರು ಅಂಗಡಿಗೇ ನುಗ್ಗಿದರು.

"ಏನ್ ಮಾಡಿದ್ರಿ ಸಾರ್ ನಮ್ಮ ಮಗೂಗೆ?" ಅಂತ ಹೆಂಡತಿಯ ಅಳು, ಗಂಡನ ಕೂಗಾಟ. ಅದೂ ಧಾರಾವಾಹಿಯ ಹೊತ್ತು. ಓನರಮ್ಮ ದಡದಡ ಮೆಟ್ಟಿಲಿಳಿದು ಬಂದರು. ಇನ್ನು ಗೋಡೆ ನೋಡುತ್ತ ಕೂರುವುದೇ ಗತಿ ಅಂದುಕೊಂಡೆ.

ತಟ್ಟೆ ನೆಲಕ್ಕಿಟ್ಟು "ಖಾನಾ ಶುರು!" ಅಂದೆ. ಕಣ್ಣು ಮಿಟುಕಿಸುವುದರೊಳಗೆ ತಟ್ಟೆ ಖಾಲಿ. ದಂಪತಿ ಆ ಎರಡು ಪದ ಬಾಯಿಪಾಠ ಮಾಡಿಕೊಂಡು ಹೊರಟರು. ಓನರಮ್ಮ ಮಾತ್ರ ಕದಲಲಿಲ್ಲ.

"ಯಾವಾಗ ಖಾಲಿ ಮಾಡ್ಲಮ್ಮ?" ಅಂದೆ.

ಅವರು ಮಹಡಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು: "ಅದಿರ್ಲಿ ಬಿಡಿ. ನಮ್ಮನೆಯವರು ನಾನು ಅನ್ನ ಬಡಿಸೋದ್ರೊಳಗೆ ಹಪ್ಪಳ ಎಲ್ಲಾ ಮುಗಿಸಿರ್ತಾರೆ. ನಿಮ್ಮತ್ರ ಒಂದು ವಾರ ಬಿಡ್ಲಾ?"