ಮಾವನ ಕಾರಿನ ಕ್ಲ್ಯಾಂಪುಗಳು

ಭದ್ರಾವತಿಯ ಜನ್ನಾಪುರದಲ್ಲಿದ್ದ ನನ್ನ ಸೋದರಮಾವನ ಪುಟ್ಟ ಕಾರನ್ನು ತಕ್ಕಡಿಗೆ ಹಾಕಿದರೆ, ಕಾರಿಗಿಂತ ಅದಕ್ಕೆ ಅವರು ಕೂರಿಸಿದ ಕ್ಲ್ಯಾಂಪುಗಳೇ ಹೆಚ್ಚು ತೂಗುತ್ತಿದ್ದವು. ನೀವು ನಂಬುವುದಿಲ್ಲವೇ? ಬೇಡ ಬಿಡಿ! ನಮ್ಮತ್ತೆ ನಂಬುತ್ತಿದ್ದರು, ನನಗೆ ಅಷ್ಟು ಸಾಕು.

ಮಾವ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದವರು. ವಿಆರ್‌ಎಸ್ ತಗೊಂಡು ಮನೆಗೆ ಬಂದರೂ ತಲೆಯೊಳಗಿನ ಕ್ರೇನ್ ಇಳಿದಿರಲಿಲ್ಲ. ಅಂಗಡಿಯಲ್ಲಿ ಸಿಗುವ ತಗಡಿನ ಕ್ಲ್ಯಾಂಪು ಕಂಡರೆ, "ಇದು ಹಪ್ಪಳ ಕಣೋ!" ಎನ್ನುತ್ತಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ಫ್ಯಾನ್ ಕೂರಿಸಲು ಆ್ಯಂಗಲ್ ಕಬ್ಬಿಣವನ್ನೇ ಕೊಯ್ಸಿ, ವೆಲ್ಡ್ ಮಾಡಿಸಿ, ಕುಂಕುಮ ಹಚ್ಚಿ ಬಿಗಿದರು. ಮೊದಲ ಹೊಂಡಕ್ಕೇ ಡ್ಯಾಶ್‌ಬೋರ್ಡ್ ಸೀಳಿ ಫ್ಯಾನ್ ನನ್ನ ತೊಡೆಯ ಮೇಲೆ ಬಿತ್ತು. ಮಾವ ಹಿಗ್ಗಿಹೋದರು.

"ನೋಡು, ಕ್ಲ್ಯಾಂಪ್ ಒಂಚೂರೂ ಬಗ್ಗಿಲ್ಲ!"

ಇನ್ನು ಮುಂದಿನ ಫಾಗ್ ಲೈಟಿನ ಕ್ಲ್ಯಾಂಪು! ಅದರ ಮೇಲೆ ತಾವೇ ಹತ್ತಿ ನಿಂತು ಪರೀಕ್ಷೆ ಮಾಡಿದರು.

"ರೀ, ಲೈಟೇನು ನಿಮ್ಮಷ್ಟು ದಪ್ಪ ಇದೆಯಾ?" ಎಂದರು ಅತ್ತೆ.

"ನಾಳೆ ದೊಡ್ಡ ಲೈಟ್ ಹಾಕಿದ್ರೆ ಏನ್ ಮಾಡ್ತೀಯಾ ಮಾರಾಯ್ತಿ?"

ಇಷ್ಟೆಲ್ಲ ವೈಭವದ ಕಾರಿಗೆ ಅತ್ತೆ ಮಾತ್ರ ಹತ್ತುತ್ತಿರಲಿಲ್ಲ. ವಿಪರೀತ ಮಂಡಿನೋವು. ಆ ತಗ್ಗಿನ ಸೀಟಿನಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಹಿಂದೊಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರವಿದ್ದ ಅತ್ತೆಯ ಅಕ್ಕನ ಮನೆಗೆ ಹೋದಾಗ ಅತ್ತೆಯನ್ನು ಕಾರಿನಿಂದ ಇಳಿಸಲು ನಾನೂ ಮಾವನೂ ಎಳೆದಾಡಿದ್ದೆವು. ಬೀದಿಯವರೆಲ್ಲ ನಿಂತು ನೋಡಿದ್ದರು. ಅಂದಿನಿಂದ ಅತ್ತೆ ಹೊರಡುವುದನ್ನೇ ಬಿಟ್ಟರು. ಅಕ್ಕನಿಗೂ ವಯಸ್ಸಾಗಿತ್ತು, ಬರುವ ಹಾಗಿರಲಿಲ್ಲ. ಅಕ್ಕನ ಹೆಸರೆತ್ತಿದರೆ ಸಾಕು, ಅತ್ತೆಯ ಕಣ್ಣು ತುಂಬುತ್ತಿತ್ತು.

"ಬಾಗಿಲ ಪಕ್ಕ ಒಂದು ಹಿಡಿ ಮಾಡಿಸ್ತೀನಿ. ಹಿಡ್ಕೊಂಡು ಏಳು," ಎಂದರು ಮಾವ.

"ನಿಮ್ಮ ಕಬ್ಬಿಣಕ್ಕೆ ತಾಗಿ ನನ್ನ ಬಳೆ ಒಡೀಲಿ ಅಂತಾನಾ? ಅಕ್ಕನ ಮನೆಗೆ ಬೋಳುಗೈಲಿ ಹೋಗ್ಲಾ?"

ಮಾವ ಅತ್ತೆಯ ಕೈಬಳೆಗಳನ್ನೇ ದಿಟ್ಟಿಸಿದರು.

ಮರುದಿನ ವೆಲ್ಡಿಂಗ್ ಅಂಗಡಿಯಲ್ಲಿ ಅವರು ಜೇಬಿನಿಂದ ತೆಗೆದದ್ದೇನು? ಅತ್ತೆಯ ಹಸಿರು ಗಾಜಿನ ಬಳೆಗಳು! ಜೀವನದಲ್ಲಿ ಮೊದಲ ಸಲ ದಪ್ಪ ಸರಳನ್ನು ಪಕ್ಕಕ್ಕಿಟ್ಟು, ಅತ್ತೆಯ ಮುಷ್ಟಿಗೆ ಸರಿಹೋಗುವ ಸಣ್ಣದನ್ನು ಆರಿಸಿದರು. ಹಿಡಿ ಬಗ್ಗಿಸಿ ಕೂರಿಸಿದ ಮೇಲೆ, ಗೆಣ್ಣಿನಿಂದಾಚೆ ಹೋಗದ ಬಳೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಕಾರಿನಲ್ಲಿ ಕೂತರು, ಎದ್ದರು, ಕೂತರು, ಎದ್ದರು. ಬಳೆ ಟಣ್ಣೆಂದಾಗಲೆಲ್ಲ ಹಿಡಿಯನ್ನು ಬಿಚ್ಚಿಸಿ ಮತ್ತೆ ಬಗ್ಗಿಸಿದರು.

"ಯಜಮಾನ್ರೇ, ಜನ ನೋಡ್ತಿದಾರೆ!" ಎಂದ ವೆಲ್ಡರ್.

"ನೋಡ್ಲಿ ಬಿಡಪ್ಪ. ಬಳೆ ಸದ್ದು ಬರಬಾರದು, ಅಷ್ಟೇ."

ಆ ಭಾನುವಾರ ಅತ್ತೆ ಗೊಣಗುತ್ತಲೇ ಕಾರು ಹತ್ತಿದರು. ಅಕ್ಕನ ಮನೆಯ ಮುಂದೆ ನಾನು ಕೈ ಚಾಚಿದರೆ, ಮಾವ ನನ್ನನ್ನು ಹಿಂದಕ್ಕೆಳೆದರು. ಅತ್ತೆ ಹಿಡಿಯನ್ನು ಹಿಡಿದರು. ಕಾಲೂರಿದರು. ಎದ್ದು ನಿಂತೇಬಿಟ್ಟರು! ಒಂದು ಬಳೆಯೂ ಸದ್ದು ಮಾಡಲಿಲ್ಲ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದರು. ಅಪ್ಪಿಕೊಂಡು ಅಳುತ್ತಾರೆಂದು ನಾನು ಕಾಯುತ್ತಿದ್ದರೆ, ಅತ್ತೆ ಕೂಗಿದರು:

"ಅಕ್ಕಾ, ತಡಿ, ಅಲ್ಲೇ ನಿಂತು ನೋಡು! ಇವ್ರು ನನಗೆ ಅಂತ ಏನ್ ಮಾಡಿದಾರೆ ನೋಡು!"

ಹಾಗೆಂದವರೇ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಅತ್ತೆ ಮತ್ತೆ ಕಾರಿನೊಳಗೆ ಕೂತರು. ಅಕ್ಕನಿಗೆ ತೋರಿಸಲೆಂದೇ ಮತ್ತೊಮ್ಮೆ ಎದ್ದು ನಿಂತರು.