ನಾನು ಮಾಡದ ಸ್ಟ್ಯಾಂಡು

ಹೊಗಳಿಕೆ ತಾನಾಗಿ ಬಾಗಿಲಿಗೆ ಬಂದಾಗ, ‘ವಿಳಾಸ ತಪ್ಪಿದೆ, ಇದು ನನ್ನದಲ್ಲ’ ಎಂದು ವಾಪಸು ಕಳಿಸುವುದು ಬಹಳ ಕಷ್ಟ. ಕಲಬುರಗಿಯ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನನ್ನು ಬಾಯಿತುಂಬ ಹೊಗಳಿದವರೆಂದರೆ ನಮ್ಮ ಹಿಂದಿನ ಹೆಡ್ ಮಾಸ್ತರರು ಒಬ್ಬರೇ. ಅದೂ ಅವರ ನಿವೃತ್ತಿಯ ದಿನ. ಅಂದು ಅವರು ಶಾಲೆಯ ಗಂಟೆಯನ್ನೂ ಹೊಗಳಿದ್ದರು. ಮುಂದೆ ಹೇಳಲಿರುವ ತಪ್ಪಿಗೆ ಕ್ಷಮೆ ಸಿಗಲಿ ಎಂದು ಇದನ್ನು ಹೇಳುತ್ತಿಲ್ಲ. ಸಿಕ್ಕರೆ ಬೇಡ ಎನ್ನುವವನೂ ಅಲ್ಲ.

ಬೇರೆ ಊರಿಗೆ ವರ್ಗವಾದ ಸಹೋದ್ಯೋಗಿಯೊಬ್ಬರು ಹೋಗುವಾಗ ತಮ್ಮ ಮನೆಯ ಅಕ್ವೇರಿಯಂ ಅನ್ನು ನಮಗೆ ಕೊಟ್ಟುಹೋದರು. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅವರ ಮನೆಯಲ್ಲಿ ಅದು ಸಿಮೆಂಟಿನ ಕಟ್ಟೆಯ ಮೇಲೆ ಕೂತಿತ್ತು. ಕಟ್ಟೆಯನ್ನು ಕೊಡಲು ಅವರಿಂದಾಗಲಿಲ್ಲ. ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ತೊಟ್ಟಿ ಹದಿನೈದು ದಿನ ನೆಲದ ಮೇಲೆ ಖಾಲಿ ಕೂತು, ಒಗೆದ ಬಟ್ಟೆ ಹಾಕುವ ಜಾಗವಾಯಿತು. ನನ್ನ ಹೆಂಡತಿ ಗಿರಿಜಾ, “ಮೈಬೂಬ್ ಚಾಚಾಗ ಹೇಳ್ರಿ, ಎರಡು ದಿನದಾಗ ಸ್ಟ್ಯಾಂಡ್ ಮಾಡಿಕೊಡ್ತಾರ” ಎಂದಳು. ಮೈಬೂಬ್ ಚಾಚಾ ಎಂದರೆ ರೋಜಾ ಬಡಾವಣೆ ಕಡೆಯ ಓಣಿಯೊಂದರಲ್ಲಿ ಅಂಗಡಿ ಇಟ್ಟಿರುವ ಹಿರಿಯ ಬಡಗಿ. ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರವೇ.

ನನಗೆ ಸಿಟ್ಟು ಬಂತು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದವನು ನಾನು. ನೀರು, ಗಾಜು, ಕಲ್ಲು, ಮರಳು ಎಲ್ಲ ಸೇರಿ ಮೂರು ಕ್ವಿಂಟಲ್ ಭಾರ ಎಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. “ಇದು ಬಡಗಿ ಕೆಲಸ ಅಲ್ಲ, ವಿಜ್ಞಾನ. ನಾನೇ ಮಾಡ್ತೀನಿ” ಎಂದೆ. ಗಿರಿಜಾ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅಣ್ಣನ ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆಂದು ಒಂದು ವಾರ ಕಮಲಾಪುರದ ತವರಿಗೆ ಹೋದಳು. ಅವಳ ಅಣ್ಣ ಶರಣಪ್ಪ ಒಳ್ಳೆಯ ಮನುಷ್ಯ. ತಂಗಿಯಿಂದ ಸುದ್ದಿ ಕೇಳಿದ್ದೇ, ಹಳೆಯ ಮಾಳಿಗೆ ಬಿಚ್ಚಿದಾಗ ಉಳಿದಿದ್ದ ಸಾಗುವಾನಿ ತೊಲೆಗಳನ್ನು, ಮೇಲೊಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಟೆಂಪೋದಲ್ಲಿ ಹಾಕಿ ಕಳಿಸಿಬಿಟ್ಟರು. ಬಾಳೆಹಣ್ಣು ಮೂರು ದಿನದಲ್ಲಿ ಮುಗಿಯಿತು. ಅಲ್ಲಿಯವರೆಗೆ ನಾನು ಮರವನ್ನು ಮುಟ್ಟಿರಲಿಲ್ಲ.

ನಾಲ್ಕನೆಯ ದಿನ ತೊಲೆಗಳನ್ನು ಕೊಯ್ಯಿಸಲು ಚಾಚಾರ ಅಂಗಡಿಗೆ ಹೋದೆ. “ಕೊಯ್ದು ಕೊಟ್ಟರೆ ಸಾಕು, ಜೋಡಿಸೋದು ನಾನೇ” ಎಂದು ನನ್ನ ನಕ್ಷೆಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಸಾಬ್, ನಾಲ್ಕು ಕಾಲು ಚಲೋ ಅವ. ಆದರ ಅಡ್ಡಪಟ್ಟಿ ಎಲ್ಲಿ ಅವ ರೀ?” ಎಂದರು. ಕಾಲುಗಳು ಇಷ್ಟು ದಪ್ಪ ಇರುವಾಗ ಅಡ್ಡಪಟ್ಟಿ ಬೇಕಿಲ್ಲ ಎಂದು ನಾನು ಭಾರ, ಒತ್ತಡ, ಕ್ಷೇತ್ರಫಲಗಳ ಬಗ್ಗೆ ಅಲ್ಲೇ ಒಂದು ಸಣ್ಣ ಪಾಠ ಮಾಡಿದೆ. ಚಾಚಾ ನನ್ನ ವಿದ್ಯಾರ್ಥಿಗಳಿಗಿಂತ ಗಮನವಿಟ್ಟು ಕೇಳಿ, ಹೇಳಿದಷ್ಟು ಕೊಯ್ದುಕೊಟ್ಟರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಸ್ಟ್ಯಾಂಡು ನಿಂತಿತು. ಹೆಬ್ಬೆರಳಿಗೆ ಎರಡು ಸಲ ಸುತ್ತಿಗೆ ಬಿದ್ದದ್ದನ್ನು ಬಿಟ್ಟರೆ ಎಲ್ಲ ಸುಸೂತ್ರ. ಪಕ್ಕದ ಮನೆಯವರನ್ನು ಕರೆದು ತೊಟ್ಟಿಯನ್ನು ಮೇಲಿರಿಸಿದೆ. ಅವರು ಹೋದ ಮೇಲೆ ಪೈಪು ಹಚ್ಚಿ ನೀರು ಬಿಟ್ಟೆ. ಅರ್ಧ ತುಂಬಿತ್ತು. ಸ್ಟ್ಯಾಂಡು ಎಡಕ್ಕೆ, ಯಾರೋ ಹೆಸರು ಹಿಡಿದು ಕರೆದಂತೆ, ಮೆಲ್ಲಗೆ ವಾಲಿತು. ಓಡಿಹೋಗಿ ತಬ್ಬಿಕೊಂಡೆ. ಬಿಟ್ಟರೆ ಬೀಳುತ್ತದೆ, ಬಿಡದಿದ್ದರೆ ನಲ್ಲಿ ನಿಲ್ಲಿಸುವವರಿಲ್ಲ. ನೀರು ಏರುತ್ತಲೇ ಇತ್ತು. ಕೆನ್ನೆಯನ್ನು ಗಾಜಿಗೆ ಒತ್ತಿ, ಮೊಣಕಾಲನ್ನು ಸ್ಟ್ಯಾಂಡಿನ ಕಾಲಿಗೆ ಕೊಟ್ಟು ನಾನು ನಿಂತಿದ್ದಾಗ ಬಾಗಿಲಲ್ಲಿ ಧ್ವನಿ ಕೇಳಿಸಿತು. ಮೈಬೂಬ್ ಚಾಚಾ! ನಾನು ಕರೆದಿರಲಿಲ್ಲ. ಆಮೇಲೆ ಹೇಳಿದರು: “ನಿನ್ನಿಯಿಂದ ದಿಲ್ ನಿಂದರಲಿಲ್ಲ ಸಾಬ್. ಒಂದ್ಸಲ ನೋಡಿ ಹೋಗೂಣು ಅಂತ ಬಂದೆ.”

ಅವರು ನಗಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ. ಮೊದಲು ನಲ್ಲಿ ನಿಲ್ಲಿಸಿದರು. ಒಂದು ಪಟ್ಟಿಯನ್ನು ಓರೆಯಾಗಿ ಆನಿಸಿ, “ಈಗ ಬಿಡ್ರಿ, ನಾ ಇದ್ದೀನಿ” ಎಂದರು. ಇಬ್ಬರೂ ಬಕೆಟ್ಟಿನಲ್ಲಿ ನೀರು ಖಾಲಿ ಮಾಡಿದೆವು. ಆಮೇಲೆ ನನ್ನ ಸ್ಟ್ಯಾಂಡಿನ ಮೇಲೆ ಕೈಯಾಡಿಸಿ ಅಂದರು: “ಭಾರ ಎಲ್ಲಾ ಮೊಳಿ ಮ್ಯಾಲ ಇಟ್ಟೀರಿ ಸಾಬ್. ಭಾರ ಕಟಗಿ ಮ್ಯಾಲ ಕೂಡಬೇಕು. ಮೊಳಿ ಬರೇ ಹಿಡಕೊಂಡು ನಿಂದರಬೇಕು.” ಇಪ್ಪತ್ತು ವರ್ಷ ನಾನು ಹೇಳಿಕೊಟ್ಟ ಪಾಠಗಳಲ್ಲಿ ಇಷ್ಟು ಸ್ಪಷ್ಟವಾದ ಎರಡು ವಾಕ್ಯಗಳಿಲ್ಲ.

ಎರಡು ದಿನದಲ್ಲಿ ಚಾಚಾ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಕಾಲುಗಳ ತುದಿಯಲ್ಲಿ ಮೆಟ್ಟಿಲಿನಂಥ ಕಚ್ಚು ಕಡಿದು ಚೌಕಟ್ಟನ್ನು ಅದರ ಮೇಲೆ ಕೂರಿಸಿದರು, ಹಿಂದೆ ಓರೆಯ ಅಡ್ಡಪಟ್ಟಿ ಕೊಟ್ಟರು, ಗಾಜಿನ ಅಡಿಗೆ ಹಾಸಲು ಥರ್ಮಾಕೋಲ್ ತಂದರು. ತೊಟ್ಟಿ ಇಡುವ ಮೊದಲು ಸ್ಟ್ಯಾಂಡಿನ ಮೇಲೆ ತಾವೇ ಹತ್ತಿ ನಿಂತು, ನನ್ನನ್ನೂ ಹತ್ತಿಸಿಕೊಂಡರು. ಅದು ಅಲುಗಲಿಲ್ಲ.

ಗಿರಿಜಾ ಊರಿಂದ ಬಂದಾಗ ಮೀನುಗಳು ಈಜುತ್ತಿದ್ದವು. “ಅಯ್ಯ, ನೀವೇ ಮಾಡಿದ್ರೇನು?” ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ. ಬಾಯಿ ತನ್ನಷ್ಟಕ್ಕೆ, “ಮತ್ಯಾರು ಮಾಡ್ತಾರ?” ಎಂದಿತು. ಅವಳು ಚಿತ್ರ ತೆಗೆದು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಹೆಬ್ಬೆರಳೆತ್ತಿದ ಕೈಗಳು, ಮುಗಿದ ಕೈಗಳು ಸಾಲುಗಟ್ಟಿ ಬಂದವು. ನಾನು ಒಂದಕ್ಕೂ ‘ವಿಳಾಸ ತಪ್ಪಿದೆ’ ಎನ್ನಲಿಲ್ಲ.

ತಿಂಗಳೊಳಗೆ ಶರಣಪ್ಪನವರ ಫೋನು. ಕಮಲಾಪುರದಲ್ಲಿ ಹೆದ್ದಾರಿಯ ಪಕ್ಕ ಅವರದೊಂದು ಖಾನಾವಳಿ ಇದೆ. “ಮಾಸ್ತರ್ರ, ನಿಮ್ಮದು ನೋಡಿ ನಾನೂ ಐದು ಫೂಟಿಂದು ತಂದೀನಿ. ಊಟಕ್ಕ ಬಂದವರ ಹುಡುಗರು ನೋಡ್ತಾವ. ಕಟಗಿ ತಯಾರ್ ಅದ. ಐತವಾರ ಬಂದು ಸ್ಟ್ಯಾಂಡ್ ಮಾಡಿ ಕೊಡ್ರಿ. ಬಡಗ್ಯಾಗ ಹೇಳಂಗಿಲ್ಲ, ನಿಮ್ಮ ಕೈ ಆಗಬೇಕು.”

ನಾನು ಹೋದದ್ದು ಚಾಚಾರ ಅಂಗಡಿಗೆ. ಮಾತು ಹೊರಡಲು ಎರಡು ಕಪ್ ಚಹಾ ಬೇಕಾಯಿತು. ಅವರು ಹಲಗೆ ನಯವಾಗಲು ರಂಧಾ ಹೊಡೆಯುವುದನ್ನು ನಿಲ್ಲಿಸಿ, “ಅಂದ್ರ, ನಾನು ನಿಮ್ಮ ಹೆಲ್ಪರ್ ಅಂತ ಬರಬೇಕೇನ್ರಿ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಮತ್ತೆ ರಂಧಾ ಕೈಗೆತ್ತಿಕೊಂಡು, “ಬರ್ತೀನಿ. ಮಂದಿ ಕುಂತು ಉಣ್ಣೋ ಜಾಗ. ನೀವೊಬ್ಬರೇ ಮಾಡೋದು ಬ್ಯಾಡ” ಎಂದರು.

ಭಾನುವಾರ ಮೂವರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಚಾಚಾರ ಹೆಗಲಿಗೆ ಹತ್ಯಾರಗಳ ಚೀಲ, ನನ್ನ ಕಿವಿಯ ಮೇಲೊಂದು ಪೆನ್ಸಿಲ್. ಗಿರಿಜಾ ಕಿಟಕಿಯಾಚೆ ನೋಡುತ್ತಲೇ ಬಂದಳು. ಖಾನಾವಳಿಯಲ್ಲಿ ನನಗೆ ಕುರ್ಚಿ, ಕಪ್-ಬಸಿಯಲ್ಲಿ ಚಹಾ. ಚಾಚಾಗೆ ಹೊರಗೆ ಮರದ ರಾಶಿಯ ಪಕ್ಕ ಸ್ಟೀಲ್ ಲೋಟ. ನಾನು ಗೆರೆ ಎಳೆಯುತ್ತಿದ್ದೆ. ಚಾಚಾ “ಇಲ್ಲೇ ಕೊಯ್ಯಲೇನ್ರಿ ಸಾಬ್?” ಎಂದು ಕೇಳುತ್ತ, ನನ್ನ ಗೆರೆಯನ್ನು ಹೆಬ್ಬೆರಳಿಂದ ಒರೆಸಿ, ಎರಡು ಬೆರಳು ಆಚೆ ಕೊಯ್ಯುತ್ತಿದ್ದರು.

ಎಲ್ಲ ಸರಿಯಾಗಿಯೇ ಮುಗಿಯುತ್ತಿತ್ತು. ಚಾಚಾ ಹಿಂಬದಿಗೆ ಅಡ್ಡಪಟ್ಟಿ ಕೂರಿಸುವಾಗ ಶರಣಪ್ಪ ಬಂದರು. ಹಿಂದಿನಿಂದ ಪೈಪು ತರಲು ಅದು ಅವರಿಗೆ ಅಡ್ಡವಾಗಿ ಕಂಡಿತು. “ಏ ಚಾಚಾ, ಅದ್ಯಾಕ ಬಡೀತಿ? ತಗಿ. ಮಾಸ್ತರು ಹೇಳಿದ್ದಷ್ಟು ಮಾಡು, ನಿನ್ನ ಅಕಲ್ ಹಚ್ಚಬ್ಯಾಡ” ಎಂದರು. ಉಣ್ಣಲು ಕೂತವರೆಲ್ಲ ತಿರುಗಿ ನೋಡಿದರು. ಚಾಚಾ ನನ್ನನ್ನು ನೋಡಿದರು. ಒಂದು ಮಾತು ಸಾಕಿತ್ತು. ನಾನು ಪೆನ್ಸಿಲ್ಲಿನ ತುದಿಯನ್ನು ಪರೀಕ್ಷಿಸುತ್ತ ನಿಂತೆ.

ಚಾಚಾ ಸುತ್ತಿಗೆಯನ್ನು ನೆಲಕ್ಕಿಟ್ಟರು. “ಮಾಲಕ್, ಇದನ್ನ ತಗದರ ನಾ ನೀರು ತುಂಬಾಕ ಬಿಡಂಗಿಲ್ಲ. ಮುಂದ ಹುಡುಗರು ನಿಂತು ಮೀನ ನೋಡ್ತಾವ. ಮ್ಯಾಲ ಬಿದ್ದರ ಏನ್ರಿ ಗತಿ? ನನಗ ಬೇಕಾದ್ದು ಅನ್ರಿ, ಪಟ್ಟಿ ಇರಲಿ.” ಅಷ್ಟೇ. ಸ್ಟ್ಯಾಂಡು ಮಾಡುತ್ತಿರುವವರು ಯಾರು ಎಂಬುದನ್ನು ಆಗಲೂ ಅವರು ಹೇಳಲಿಲ್ಲ. ಬೈಸಿಕೊಂಡು ನಿಂತರು.

ನಾನು ಪೆನ್ಸಿಲ್ಲನ್ನು ಜೇಬಿಗೆ ಹಾಕಿದೆ. “ಶರಣಪ್ಪನವರ, ಮಾಡೋರು ಅವರು. ಮನ್ಯಾಗಿಂದೂ ಅವರೇ ಮಾಡಿದ್ದು. ನಾ ಮಾಡಿದ್ದು ಅರ್ಧ ನೀರಿಗೇ ವಾಲಿತ್ತು” ಎಂದೆ. ಧ್ವನಿ ಎಷ್ಟು ಸಣ್ಣದಿತ್ತೆಂದರೆ, ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಮಾತ್ರ ಇಡೀ ಖಾನಾವಳಿಗೆ ಕೇಳಿಸಿತು. ಶರಣಪ್ಪ ನನ್ನನ್ನೊಮ್ಮೆ, ಚಾಚಾರನ್ನೊಮ್ಮೆ ನೋಡಿದರು. ಚಾಚಾರ ಮುಂದೆ ಕೈಮುಗಿದು, “ತಪ್ಪಾತು ಚಾಚಾ” ಎಂದರು. ನನ್ನನ್ನು ಅಲ್ಲೇ ಬಿಟ್ಟರು. ಚಾಚಾರನ್ನು ಒಳಗೆ ಕರೆದು, ಕೂರಿಸಿ, ಬಿಸಿ ರೊಟ್ಟಿಯನ್ನು ತಾವೇ ಬಡಿಸಿದರು.

ನಾನು ಗಿರಿಜಾಳ ಮುಖ ನೋಡಿದೆ. “ನನಗ ಮೊದಲ ದಿನಾನೇ ಗೊತ್ತಾಗಿತ್ತು” ಎಂದಳು. “ಅಡಗಿಮನಿ ಕಪಾಟಿಂದು ಹಿಡಿಕಿ ಕುಂದರಸಾಕ ಆರು ವರ್ಷದಿಂದ ಆಗಿಲ್ಲ ನಿಮಗ.” ಹಾಗಾದರೆ ಸುಮ್ಮನೆ ಯಾಕಿದ್ದೆ ಎಂದೆ. “ನೀವೇ ಹೇಳ್ತೀರಿ ಅಂತ ಕಾದೆ” ಎಂದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಇಷ್ಟಾದ ಮೇಲೆ ನಾನು ಸುಧಾರಿಸಿದೆ ಎಂದೇ ತಿಳಿದಿದ್ದೆ. ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ, ಮದುವೆಮನೆಗಳಲ್ಲಿ ಹೇಳಿದೆ, ತರಗತಿಯಲ್ಲಿ ಒತ್ತಡದ ಪಾಠಕ್ಕೆ ಉದಾಹರಣೆಯಾಗಿ ಹೇಳಿದೆ. ತಪ್ಪನ್ನು ಎಷ್ಟು ನೇರವಾಗಿ ಒಪ್ಪಿಕೊಳ್ಳುತ್ತಾರೆ, ದೊಡ್ಡ ಮನಸ್ಸು ಎಂದರು ಜನ. ಮೊನ್ನೆ ಚಾಚಾರ ಅಂಗಡಿಯ ಮುಂದೆ ಹಾಯುವಾಗ ಅವರೇ ಕರೆದರು. “ಸಾಬ್, ನೀವು ಆ ಕಿಸ್ಸಾ ಊರ ತುಂಬಾ ಹೇಳಾಕತ್ತೀರಂತ. ಮಾಸ್ತರು ಭಾಳ ದೊಡ್ಡ ಮನಶಾ ಅಂತ ಎಲ್ಲಾರೂ ಅಂತಾರ.” ನಾನು ವಿನಯದಿಂದ ತಲೆ ತಗ್ಗಿಸಿದೆ. ಅವರು ರಂಧಾದ ಮೇಲಿನ ಹೊಟ್ಟನ್ನು ಊದಿ, ಮೆಲ್ಲಗೆ ಕೇಳಿದರು: “ಅದರಾಗ ನನ್ನ ಹೆಸರು, ಅಂಗಡಿ ಎಲ್ಲಿ ಅದ ಅಂತ, ಏನರೆ ಹೇಳ್ತೀರೇನ್ರಿ? ಒಬ್ಬರೂ ಬಂದಿಲ್ಲ.”

‘ಒಬ್ಬ ಬಡಗಿ’ ಎಂದಷ್ಟೇ ಹೇಳುತ್ತಿದ್ದೆ.