ಏಳನೇ ರ‍್ಯಾಂಕಿನ ಮಗ್ಗು

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ರ‍್ಯಾಂಕು ಹಂಚಿ, ನಿವೃತ್ತರಾಗಿದ್ದ ಮೇಷ್ಟ್ರು ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಘೋಷಿಸಿಯೇಬಿಟ್ಟರು: "ಇವತ್ತಿನಿಂದ ಈ ಮನೆ ಪ್ಲಾಸ್ಟಿಕ್ಕಿಗೆಲ್ಲ ನಾನೇ ಜವಾಬ್ದಾರ! ಮಧ್ಯಾಹ್ನದೊಳಗೆ ಒಂದು ಶಿಸ್ತಿಗೆ ತರದೇ ಇದ್ರೆ ನನ್ನ ಮೇಷ್ಟ್ರು ಅಂತ ಕರೀಬೇಡ!"

"ನಾನ್ಯಾವತ್ತು ಕರ್ದಿದೀನ್ರೀ?" ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತಾ. "ಅಮ್ಮನ ಕನ್ನಡಕದ ಕಡ್ಡಿ ಮುರಿದಿದೆ, ರಿಪೇರಿ ಮಾಡಿಸ್ಕೊಂಡು ಬರ್ತೀನಿ. ಸಂಜೆ ಅಮ್ಮ ಹಾಡ್ಬೇಕು. ಅಲ್ಲೀತನಕ ಮನೇಲಿ ಏನೂ ಸಾಧನೆ ಮಾಡ್ಬೇಡಿ, ಸಾಕು."

ಅತ್ತೆಯವರ ಶಾಲಾ ಗೆಳತಿಯರು ಅರವತ್ತು ವರ್ಷಗಳ ನಂತರ ಅಂದು ಸಂಜೆ ಒಟ್ಟು ಸೇರುವವರಿದ್ದರು. ಅಲ್ಲಿ ಹಾಡಲೆಂದು ಅತ್ತೆ ಹದಿನೈದು ದಿನಗಳಿಂದ ಒಂದೇ ಹಾಡನ್ನು ತಿದ್ದಿ ತೀಡುತ್ತಿದ್ದರು. ಮನೆಮಂದಿಗೆಲ್ಲ ಅದು ಬಾಯಿಪಾಠವಾಗಿತ್ತು. ಪಕ್ಕದ ಮನೆಯ ನಾಯಿಯೂ ಎರಡನೇ ಸಾಲಿಗೆ ಸರಿಯಾಗಿ ದನಿಗೂಡಿಸುತ್ತಿತ್ತು. ಈಗ ಅವರು ಗಂಟಲಿಗೆ ವಿಶ್ರಾಂತಿ ಕೊಟ್ಟು ಒಳಕೋಣೆಯಲ್ಲಿ ಮಲಗಿದ್ದರು.

ಮೇಷ್ಟ್ರು ತೋಳು ಮಡಿಸಿ ಅಡುಗೆಮನೆಗೆ ನುಗ್ಗಿದರು. ಮೊದಲ ಬಾಟಲಿ ಎತ್ತಿ ತಲೆಕೆಳಗು ಮಾಡಿದರೆ, ಆಹಾ! ತಳದಲ್ಲಿ ಪುಟ್ಟ ತ್ರಿಕೋನ, ಅದರೊಳಗೆ 1. ಇನ್ನೊಂದರ ತಳದಲ್ಲಿ 5. ಮತ್ತೊಂದರಲ್ಲಿ 2. ಮೇಷ್ಟ್ರ ಕಣ್ಣು ತೇವವಾಯಿತು. ಯಾರೋ ಪುಣ್ಯಾತ್ಮರು ಆಗಲೇ ಪರೀಕ್ಷೆ ನಡೆಸಿ, ರ‍್ಯಾಂಕನ್ನೂ ಕೊಟ್ಟುಬಿಟ್ಟಿದ್ದಾರೆ!

ಮುಂದಿನದು ಅವರಿಗೆ ನೀರು ಕುಡಿದಷ್ಟು ಸುಲಭ. ಮೂರರೊಳಗೆ ಬಂದವರಿಗೆ ಮನೆಯಲ್ಲಿ ಸೀಟು, ಉಳಿದವರಿಗೆ ಗೇಟು. ಕುಡಿಯುವ ನೀರಿನ ಖಾಲಿ ಬಾಟಲಿಗಳು ಒಂದನೇ ರ‍್ಯಾಂಕು ಪಡೆದು ಕಪಾಟಿನ ಮೇಲಿನ ಹಲಗೆ ಏರಿದವು. ಬಚ್ಚಲಿನ ಮೂಲೆಯಲ್ಲಿದ್ದ ಫಿನಾಯಿಲ್ ಕ್ಯಾನು ಎರಡನೇ ರ‍್ಯಾಂಕಿನ ಬಲದಿಂದ ಅಡುಗೆಮನೆಗೆ ಬಡ್ತಿ ಪಡೆಯಿತು. ಹೆಂಡತಿಯ ಹನ್ನೆರಡು ಊಟದ ಡಬ್ಬಿಗಳ ತಳದಲ್ಲೆಲ್ಲ 5. "ಇಷ್ಟು ವರ್ಷ ಐದನೇ ರ‍್ಯಾಂಕಿನವರನ್ನ ತಲೆ ಮೇಲೆ ಹೊತ್ಕೊಂಡಿದಾಳಲ್ಲ!" ಎಂದು ಮರುಗುತ್ತಾ ಮೇಷ್ಟ್ರು ಅವನ್ನು ಗೋಣಿಚೀಲಕ್ಕೆ ತುಂಬಿದರು.

ಬಚ್ಚಲಿನ ಹಲಗೆಯ ಮೇಲೆ ಒಂದು ನೀಲಿ ಮಗ್ಗು, ಅದಕ್ಕೊಂದು ಬಿಗಿ ಮುಚ್ಚಳ. ತಿರುಗಿಸಿದರೆ 7! ಕಟ್ಟಕಡೆಯ ರ‍್ಯಾಂಕು! ಒಳಗೆ ಏನೋ ಕಟಕಟ ಅಂದಿತು. ಫೇಲಾದವರು ಹೀಗೆ ಗೊಣಗುವುದು ಮೇಷ್ಟ್ರಿಗೆ ಹೊಸದೇನಲ್ಲ. ಮಗ್ಗೂ ಚೀಲ ಸೇರಿತು. ಅಷ್ಟರಲ್ಲಿ ಗುಜರಿ ಗಾಡಿಯವನ ಕೂಗು ಕೇಳಿಸಿತು, ಚೀಲ ಗಾಡಿ ಹತ್ತಿತು. ಮೇಷ್ಟ್ರು ಕೈ ಝಾಡಿಸಿಕೊಂಡು ಒಳಬಂದರು. ಎಷ್ಟೋ ವರ್ಷಗಳ ಮೇಲೆ ಫಲಿತಾಂಶ ಪ್ರಕಟಿಸಿದ ಖುಷಿ ಅವರಿಗೆ!

ಹೆಂಡತಿ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಎದ್ದು, ಗಂಟಲಿಗೆ ಬಿಸಿನೀರು ಬೇಕೆಂದು ಸನ್ನೆ ಮಾಡಿದರು. ಮೇಷ್ಟ್ರು ಒಂದನೇ ರ‍್ಯಾಂಕಿನ ಬಾಟಲಿ ಇಳಿಸಿ, ಕುದಿಯುವ ನೀರನ್ನು ಠೀವಿಯಿಂದ ಸುರಿದರು. ಬಾಟಲಿ ಮೊದಲು ಸೊಂಟ ಬಳುಕಿಸಿತು, ಆಮೇಲೆ ಕುತ್ತಿಗೆ ವಾಲಿಸಿತು, ಕೊನೆಗೆ ಮುದುಡಿ ಮುದ್ದೆಯಾಗಿ ನೀರನ್ನೆಲ್ಲ ಮೇಜಿನ ಮೇಲೆ ಕಾರಿತು.

"ಫಸ್ಟ್ ರ‍್ಯಾಂಕು ಕಣೇ ಇದು!" ಎಂದು ಮೇಷ್ಟ್ರು ಚೀರಿದರು.

"ಯಾವ ರ‍್ಯಾಂಕ್ರೀ? ನನ್ನ ಡಬ್ಬಿಗಳೆಲ್ಲಿ? ಇಲ್ಯಾಕೆ ಫಿನಾಯಿಲ್ ಕೂತಿದೆ?"

ಆಗ ಬಚ್ಚಲಿಂದ ಅತ್ತೆಯವರ ದನಿ ಬಂತು, ಅರ್ಧ ಮಾತು, ಅರ್ಧ ಗಾಳಿ: "ಅಳಿಯಂಫ್ರೇ, ನನ್ನ ನೀಲಿ ಮಗ್ಗು ಎಲ್ಫಿ?"

ಮೇಷ್ಟ್ರಿಗೆ ಆ ಕಟಕಟ ಸದ್ದು ಈಗ ಅರ್ಥವಾಯಿತು. ಗೊಣಗಿದ್ದು ಮಗ್ಗಲ್ಲ, ಅತ್ತೆಯವರ ಹಲ್ಲು ಸೆಟ್ಟು! ಅಳಿಯನ ಮೇಲೆ ಹಲ್ಲು ಮಸೆಯೋಣವೆಂದರೂ ಅತ್ತೆಯ ಬಾಯಲ್ಲಿ ಹಲ್ಲಿರಲಿಲ್ಲ. ಅವರು ಬೈಯಲಿಲ್ಲ. ಹಾಡಿನ ಚೀಟಿ ಮಡಿಸಿ ದಿಂಬಿನ ಕೆಳಗಿಟ್ಟು, ಗೋಡೆ ಕಡೆ ತಿರುಗಿ ಕೂತರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

"ನಾಲ್ಕು ಗಂಟೆಗೆ ಹೊರಡ್ಬೇಕು. ಈಗ ಎರಡಾಯ್ತು. ನಡೀರಿ!" ಎಂದಳು ಹೆಂಡತಿ.

ಗುಜರಿ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಬೆಟ್ಟದಷ್ಟು ಬಾಟಲಿಗಳ ನಡುವಿನಿಂದ ಮಾಲೀಕ ಎದ್ದು ಬಂದ. "ನಮಸ್ಕಾರ ಸಾರ್! ಗುರುತು ಸಿಗ್ಲಿಲ್ವಾ? ಕೊನೇ ಬೆಂಚು, ಕಿಟಕಿ ಪಕ್ಕ!"

ಸಿಕ್ಕಿತು. ಸತತ ಮೂರು ವರ್ಷ ಕೊನೆಯ ರ‍್ಯಾಂಕು. "ನೀನು ಮುಳುಗಿದೆ ಬಿಡು" ಎಂದು ತಾವೇ ತರಗತಿಯ ಎದುರು ಹೇಳಿದ್ದ ಹುಡುಗ.

ಮೇಷ್ಟ್ರು ತೊದಲುತ್ತಾ ಕಥೆ ಒಪ್ಪಿಸಿದರು. ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಸಾರ್, ಅದು ರ‍್ಯಾಂಕಲ್ಲ, ಹಾಜರಿ ನಂಬರು! ಯಾರು ಯಾರೂಂತ ಗುರ್ತಿಗೆ, ಅಷ್ಟೇ. ಒಂದು ಅಂದ್ರೆ ನೀರಿನ ಬಾಟ್ಲಿ. ಕರಗಿಸಿ ಬಟ್ಟೆಗೆ ನೂಲು ತೆಗೀತಾರೆ, ಆದ್ರೆ ಬಿಸಿ ಅಂದ್ರೆ ಮುದುರ್ಕೊಳ್ಳತ್ತೆ. ಐದು ಬಿಸಿ ತಡ್ಕೊಳ್ಳತ್ತೆ, ಅದಕ್ಕೇ ಊಟದ ಡಬ್ಬಿ ಅದ್ರಲ್ಲಿ ಮಾಡೋದು."

ಹೆಂಡತಿ ಗಂಡನ ಕಡೆ ನೋಡಿದಳು. ಮೇಷ್ಟ್ರು ಬಾಟಲಿ ಬೆಟ್ಟದ ಕಡೆ ನೋಡಿದರು.

"ಮತ್ತೆ ಏಳು?"

"ಯಾವ ಗುಂಪಿಗೂ ಸೇರದೇ ಇರೋದೆಲ್ಲ ಏಳು ಸಾರ್. ಇತರೆ. ಬೇರೆದ್ರ ಜೊತೆ ಬೆರೆಯಲ್ಲ, ನಾವು ಯಾರೂ ತಗೊಳ್ಳಲ್ಲ. ಆದ್ರೆ ನಿಮ್ಮ ಚೀಲ ಆಗ್ಲೇ ತೊಟ್ಟಿಗೆ ಸುರಿದಾಯ್ತಲ್ಲ!"

ಹಿತ್ತಲಲ್ಲಿ ನೀರಿನ ದೊಡ್ಡ ತೊಟ್ಟಿ. ಹನ್ನೆರಡು ಡಬ್ಬಿಗಳೂ ಮುಚ್ಚಳ ಸಮೇತ ಮೇಲೆ ತೇಲುತ್ತಾ ಹಾಯಾಗಿದ್ದವು. "ನೋಡಿ, ಐದು ತೇಲತ್ತೆ. ಒಂದು, ಏಳು ಎಲ್ಲ ತಳಕ್ಕೆ ಹೋಗತ್ತೆ. ಬೇರೆ ಮಾಡೋಕೆ ಇದೇ ಸುಲಭ," ಎನ್ನುತ್ತಾ ಮಾಲೀಕ ಉದ್ದ ಕೋಲಿನ ಜಾಲರಿ ಇಳಿಸಿದ. ಮೊದಲು ಬಾಯಿ ತೆರೆದ ನೀಲಿ ಮಗ್ಗು ಬಂತು. ಆಮೇಲೆ ಅದರ ಮುಚ್ಚಳ. ಮೇಷ್ಟ್ರು ಹಲ್ಲು ಕಚ್ಚಿ ಕಾದರು. ಮೂರನೇ ಸಲ ಜಾಲರಿಯಲ್ಲಿ ಎರಡು ಸಾಲು ಹಲ್ಲು ಮೇಷ್ಟ್ರನ್ನು ನೋಡಿ ಕಿಸಿದವು.

"ನಾನು ಮುಳುಗಿದೆ ಅಂತಿದ್ರಲ್ಲ ಸಾರ್," ಎಂದ ಮಾಲೀಕ ನಗುತ್ತಲೇ, "ಮುಳುಗಿದ್ದನ್ನ ಎತ್ತೋದೇ ಈಗ ನನ್ನ ಕಸುಬು."

ಮೇಷ್ಟ್ರ ತಲೆ ತಾನಾಗಿ ತಗ್ಗಿತು. "ತಪ್ಪಾಯ್ತಪ್ಪ," ಎಂದರು. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಶಿಷ್ಯನಿಗೂ ಅವರು ಹೀಗೆ ಹೇಳಿರಲಿಲ್ಲ. ಹೇಳಿದ ಮೇಲೆ ಎದೆ ಹಗುರವಾಯಿತು. ಆ ಹುರುಪಿನಲ್ಲಿ, "ಮನೆಗೆ ಹೋಗಿ ಕುದಿಯೋ ನೀರಲ್ಲಿ ಇದನ್ನ ಚೆನ್ನಾಗಿ..." ಎಂದು ಶುರುಮಾಡಿದರು.

"ಕುದಿಯೋ ನೀರು ಬೇಡ!" ಎಂದು ಶಿಷ್ಯನೂ ಹೆಂಡತಿಯೂ ಒಟ್ಟಿಗೇ ಕೂಗಿದರು. "ಅದೂ ಪ್ಲಾಸ್ಟಿಕ್ಕೇ!"

ಹೆಂಡತಿ ತಾನೇ ಸೋಪು ಹಚ್ಚಿ, ಬ್ರಶ್ಶಿನಿಂದ ನಾಲ್ಕು ಸಲ ತಿಕ್ಕಿ, ತಣ್ಣೀರಲ್ಲಿ ತೊಳೆದುಕೊಟ್ಟಳು. ನಾಲ್ಕಕ್ಕೆ ಅತ್ತೆ ಕನ್ನಡಕವೇರಿಸಿ, ಹಲ್ಲು ಕೂರಿಸಿ ಹೊರಟರು. ಹಾಡಿದರು. ಗೆಳತಿಯರು ಇನ್ನೊಂದು ಸಲ ಹಾಡಿಸಿದರಂತೆ.

ಮನೆಗೆ ಬಂದ ಅತ್ತೆಗೆ ಮಗಳು ತ್ರಿಕೋನದ ಪುರಾಣವನ್ನೆಲ್ಲ ಬಿಡಿಸಿ ಹೇಳಿದಳು. ಅತ್ತೆ ಹಲ್ಲು ಬಿಟ್ಟು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ಲ ಕಣೇ, ನಮ್ಮ ಅಳಿಯಂದಿರದು ಯಾವ ನಂಬರು?"

"ಏಳಮ್ಮ," ಎಂದಳು ಮಗಳು, ಡಬ್ಬಿ ಒರೆಸುತ್ತಾ. "ಯಾವ ಗುಂಪಿಗೂ ಸೇರಲ್ಲ. ಕೊಟ್ರೆ ಗುಜರಿಯವನೂ ತಗೊಳ್ಳಲ್ಲ. ನಾವೇ ಇಟ್ಕೋಬೇಕು!"